ಅಮಾಸಿ ದಿನ ಬಡಿದ ಮಗ್ಗ

ಹೊಳಿಯಪ್ಪ ಮೊದಲ ಸಲ ಮನಿ ಬಿಟ್ಟು ಹೋದದ್ದು ಶೀಗಿ ಹುಣ್ಣಿವಿ ಮರುದಿನ, ಮಂಗಳವಾರ. ಸ್ವಾತಂತ್ರ್ಯ ಬಂದ ಮರುವರ್ಷ. ದಿನ, ವಾರ ಸಹಿತ ಗೊತ್ತಿರೋ ಸಂಗತಿ ಇದು, ಕಟ್ಟಿದ ಕತಿ ಅನ್ನಬ್ಯಾಡ್ರಿ. ದೀಪ ಬೇಕಾದರ ಸಣ್ಣ ಮಾಡ್ರಿ... ಆರಸಬ್ಯಾಡ್ರಿ.

ಗಜೇಂದ್ರಗಡದ ಹಳೇ ಮಗ್ಗದ ಓಣಿಯೊಳಗ ಅವ ಮನಿ ಅಳಿಯ. ಹುಟ್ಟಿದ್ದು ಹೊಳೆಆಲೂರಿನ ಕಡೆ. ಸಾಲಿ ಬಿಟ್ಟದ್ದು ಮೂರನೇ ಇಯತ್ತೆಗೆ. ಆಮ್ಯಾಲೆ ಅವನ ಕಾಲು ಒಂದ ಕಡೆ ನಿಂತದ್ದ ಇಲ್ಲ. ನಿಲ್ಲಲಿ ಅಂತ ಹಿರಿಯರು ನೇಕಾರರ ಮನಿಯ ಕಲ್ಲವ್ವನ ಜೋಡಿ ಲಗ್ನ ಮಾಡಿ ಮಗ್ಗಕ್ಕ ಕುಂದರಿಸಿದರು. ಆ ಓಣಿಯ ಮಗ್ಗ ಎಲ್ಲಾ ಕುಣಿ ಮಗ್ಗ. ನೆಲದಾಗ ಮೊಣಕಾಲ ಮಟ ಕುಣಿ ತೋಡಿ, ಅದರೊಳಗ ಕಾಲು ಇಳಿಬಿಟ್ಟು, ತುಳಿಹಲಗಿ ತುಳಕೋತ ನೇಯಬೇಕು. ತುಳಿದರ ಎಳಿ ಬಾಯಿ ಬಿಡತಾವ, ಆ ಬಾಯಾಗ ಲಾಳಿ ಓಡತೈತಿ. ಹೊಳಿಯಪ್ಪಗ ಆ ಕುಣಿ ಕಂಡರ ಜೀವ ಹಾರತಿತ್ತು.

"ಅರ್ಧ ಹುಗದಂಗ ಆಗತೈತಿ ನನಗ," ಅಂತಿದ್ದ.

ಕಲ್ಲವ್ವ ನಗತಿದ್ದಳು. "ಸೊಂಟದ ಮ್ಯಾಲಿಂದು ಬಿಟ್ಟಾರಲ್ರಿ, ಅದರಾಗ ಬದುಕ್ರಿ."

ಆ ಮಂಗಳವಾರ ಅವ "ತಂಬಾಕ ತರತೀನಿ" ಅಂತ ಎದ್ದ. ಕಲ್ಲವ್ವನ ಕೈಯಾಗ ಲಾಳಿ ಇತ್ತು. ತಲಿ ಎತ್ತಲಿಲ್ಲ. "ಲಗೂ ಬರ್ರಿ," ಅಂದಳು. ಅಷ್ಟ. ಅವ ಪ್ಯಾಟಿ ದಾಟಿದ. ತಂಬಾಕಿನ ಅಂಗಡಿ ದಾಟಿದ. ಊರ ಹೊರಗಿನ ಆಲದ ಮರ ದಾಟೂತನಕ ತಾ ಎಲ್ಲಿಗೆ ಹೊಂಟೀನಿ ಅನ್ನೋದು ಅವಗೂ ಗೊತ್ತಿದ್ದಿಲ್ಲ.

ಆಮ್ಯಾಲಿನ ವರ್ಷ ಹ್ಯಾಂಗ ಕಳದವು ಅಂತ ಕೇಳಿದರ ನೆಟ್ಟಗ ಹೇಳಾಕ ಬರತಿದ್ದಿಲ್ಲ. ಹುಬ್ಬಳ್ಳಿಯೊಳಗ ಅರಳಿ ಅಂಡಿಗಿ ಹೊತ್ತ. ಹೊಳೆಆಲೂರು ಸ್ಟೇಶನ್ನಿನಾಗ ಮಾಲು ಇಳಿಸಿದ. ನರಗುಂದದ ಗುಡ್ಡದ ಬುಡಕ ಕಲ್ಲು ಒಡದ. ರಾತ್ರಿ ಮಲಗಿದಾಗ ಒಮ್ಮೊಮ್ಮೆ ಕಿವಿಯೊಳಗ ಮಗ್ಗ ಬಡೀತಿತ್ತು. ಮುಂಜಾನೆ ಎದ್ದವನ ಆ ಊರೂ ಬಿಡತಿದ್ದ.

ಕನ್ನಡ ನಾಡು ಒಂದಾದ ಮರುವರ್ಷ ನರಗುಂದದಾಗ ಒಬ್ಬ ಓವರ್ಸಿಯರ್ ಸಾಹೇಬರ ಕೈಕೆಳಗ ಅಳತಿ ಕೆಲಸಕ್ಕ ಸೇರಿದ. ಸರಪಳಿ ಎಳಿಯೋದು, ಗೂಟ ಬಡಿಯೋದು, ಸುಣ್ಣದ ಗುರುತು ಹಾಕೋದು. ದಿನಾ ನಡಿಯೋ ಕೆಲಸ. ಕಾಲಿಗೆ ಹೇಳಿ ಮಾಡಿಸಿದಂಗಿತ್ತು. ಒಂದಿನ ಎಲ್ಲಾರೂ ಚಕ್ಕಡಿ ಹತ್ತಿದ ಮ್ಯಾಲೆ ಸಾಹೇಬರು ಅಂದರು, "ಗಜೇಂದ್ರಗಡಕ್ಕ ಹೊಡಿ. ಹಳೇ ಮಗ್ಗದ ಓಣಿ ಅಳೀಬೇಕು."

ಹೊಳಿಯಪ್ಪ ಇಳಿದು ಓಡಬೇಕಂದ. ಕಾಲು ಏಳಲಿಲ್ಲ.

ಓಣಿ ಸೋತು ಹೋಗಿತ್ತು ಅನ್ನೋದು ಖರೇ. ಮುತ್ತಜ್ಜರ ಕಾಲದ ಮಣ್ಣಿನ ಗ್ವಾಡಿ. ಮಳಿಗಾಲದಾಗ ಕುಣಿಯೊಳಗ ನೀರು ಒಸರತಿತ್ತು, ನೇಯಾವರು ನೀರಾಗ ಕಾಲಿಟ್ಟು ಲಾಳಿ ಒಗೀತಿದ್ದರು. ನೂಲಿಗೆ ಬಣ್ಣ ಹಾಕೋ ಕೊಪ್ಪರಿಗಿ ನೀರು ಹರಿದು ಹರಿದು ಓಣಿ ಬಾಯಾಗಿನ ಬಾವಿ ಕೆಂಪಗಾಗಿತ್ತು. ನೂಲಿನ ಲಾರಿ ಒಳಗ ಬರತಿದ್ದಿಲ್ಲ. ಅದಕ್ಕ ಮ್ಯಾಲಿನವರು ಯೋಜನಾ ಹಾಕಿದ್ದರು. ಓಣಿ ಪೂರಾ ಕೆಡವೋದು, ನಡುವ ಅಗಲ ರಸ್ತೆ, ಎರಡೂ ಕಡೆ ಅಂಗಡಿ ಸಾಲು. ನೇಕಾರರಿಗೆ ಊರ ಹೊರಗ ರೋಣದ ದಾರಿಗೆ ಹೊಸ ಕಾಲನಿ. ಕೆಟ್ಟ ಯೋಜನಾ ಏನಲ್ಲ. ಆದರ ಮಗ್ಗ ನಡಿಯೋ ಮನಿಗಷ್ಟ ಕಾಲನಿಯೊಳಗ ಮನಿ. ಮಗ್ಗ ನಿಂತ ಮನಿಯವರು ತಮ್ಮ ದಾರಿ ತಾವು ನೋಡಿಕೊಳ್ಳಬೇಕು. ನಡಿಯೋ ಮಗ್ಗದ ಬಾಗಿಲಿಗೆ ಸುಣ್ಣದ ಸೊನ್ನಿ, ನಿಂತ ಮಗ್ಗದ ಬಾಗಿಲಿಗೆ ಸುಣ್ಣದ ಕತ್ತರಿ ಗುರುತು. ಸುಣ್ಣದ ಡಬ್ಬಿ ಹೊಳಿಯಪ್ಪನ ಕೈಯಾಗ.

ಗುರುತು ಹಾಕಾಕ ಬಂದ ದಿನ ಅಮಾಸಿ. ಅಮಾಸಿ ದಿನ ನೇಕಾರರು ಮಗ್ಗ ಮುಟ್ಟೂದಿಲ್ಲ. ತೊಳದು, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಬಿಡತಾರ. ಓಣಿ ತುಂಬ ಸಪ್ಪಳ ಇಲ್ಲ. ಅದಕ್ಕ ಸಾಹೇಬರು ಮನಿಮನಿ ಒಳಗ ಇಣುಕಿ ಮಗ್ಗದ ಮ್ಯಾಲೆ ಹೊಸಾ ಬಟ್ಟಿ ಐತೋ ಇಲ್ಲೋ ನೋಡಿ, "ಸೊನ್ನಿ ಹಾಕು," ಅಂತಿದ್ದರು. ಹೊಳಿಯಪ್ಪ ಟಾವೆಲ್ ಮಾರಿಗೆ ಸುತ್ತಿಕೊಂಡು, ಧೂಳು ಅಂತ ನೆವ ಹೇಳಿ, ಕಣ್ಣಷ್ಟ ಬಿಟ್ಟಿದ್ದ.

ಕಳಕಪ್ಪ ಅನ್ನೋ ನೇಕಾರ ಕಟ್ಟಿ ಮ್ಯಾಲೆ ಹಾಸಿದ್ದ ನಕಾಶಿ ಮ್ಯಾಲೆ ಬಗ್ಗಿದ. "ಸಾಹೇಬ್ರ, ಇದರಾಗ ನಾ ಎಲ್ಲಿ ಅದೀನ್ರಿ?"

"ನೀ ಈಗ ರಸ್ತೇದ ನಡುವ ನಿಂತೀಯಪಾ."

"ಹಂಗಾರ ಸರೀತೀನಿ, ಲಾರಿ ಬಂದೀತು," ಅಂದ ಕಳಕಪ್ಪ. ಓಣಿ ನಕ್ಕಿತು.

ಕಡೇ ಮನಿ ಕಲ್ಲವ್ವಂದು. ಬಾಗಿಲು ಅರ್ಧ ಮುಚ್ಚಿತ್ತು. ಸಾಹೇಬರು ದಣಿದು ಕಟ್ಟಿ ಮ್ಯಾಲೆ ಕೂತು, ದೂರದಿಂದನ ಕೇಳಿದರು, "ನೋಡು, ಅದು ನಡೀತೈತೇನು?"

ಒಳಗ ಇಣುಕಬೇಕಿತ್ತು. ಇಣುಕಿದರ ಅಕಿ ಮಾರಿ ಕಾಣತೈತಿ. ಹೊಳಿಯಪ್ಪ ಕಿವಿಗೊಟ್ಟ. ಸಪ್ಪಳ ಇದ್ದಿಲ್ಲ. ಅಮಾಸಿ ದಿನ ಸಪ್ಪಳ ಇಲ್ಲಂತ ಮಗ್ಗ ನಿಂತೈತಿ ಅನ್ನಬಾರದು, ಅದು ಅವಗ ಚಲೋತ್ನಂಗ ಗೊತ್ತಿತ್ತು. ಆದರೂ ಅಂದ, "ಇಲ್ರಿ. ನಿಂತೈತಿ." ಅಂದು ಕತ್ತರಿ ಗುರುತು ಎಳದ.

ಹಿಂದಿನಿಂದ ಒಂದು ಕೈ ಬಂದು ಟಾವೆಲ್ ಕೆಳಗ ಜಗ್ಗಿತು. ಕಳಕಪ್ಪ.

"ತಂಬಾಕ ಸಿಕ್ಕಿತೇನೋ ಅಳಿಯಾ?" ಅಂದ. "ಭಾಳ ದೂರದ ಅಂಗಡಿ ಇತ್ತ ಕಾಣತೈತಿ. ಒಂಬತ್ತ ವರ್ಷ ಆತು."

ಹೊಳಿಯಪ್ಪ ಅರ್ಧ ಮುಚ್ಚಿದ ಬಾಗಿಲ ಕಡೆ ನೋಡಿದ.

ಕಳಕಪ್ಪನ ಮಾರಿಯಾಗಿನ ನಗಿ ಸಾವಕಾಶ ಇಳೀತು. "ನಿನಗ ಸುದ್ದಿ ಮುಟ್ಟಿಲ್ಲೇನು? ಕಲ್ಲವ್ವ ಹೋಗಿ ಎರಡ ವರ್ಷ ಆತಲ್ಲೋ. ಜ್ವರ. ಮಗ್ಗದ ಮ್ಯಾಲೆ ಅರ್ಧ ಸೀರಿ ಬಿಟ್ಟು ಹೋದಳು."

ಸುಣ್ಣದ ಕುಂಚ ಕೈಯಿಂದ ಜಾರಿತು. ಅಷ್ಟೊತ್ತಿಗೆ ಬಾಗಿಲ ಸಂದಿಯಿಂದ ಒಬ್ಬ ಮುದುಕಿ ಹೊರಗ ಬಂದಳು. ಮುಮತಾಜಬಿ, ಲಾಳಿಯೊಳಗ ಹಾಕೋ ಕಂಡಿಕೆಗೆ ನೂಲು ಸುತ್ತಿ ಕೊಡಾಕಿ. ಎರಡೂ ಕಿವಿ ಕೇಳಸೂದಿಲ್ಲ. ಗಂಡ ತೀರಿ ದಿಕ್ಕಿಲ್ಲದಂಗಾದಾಗ ಕಲ್ಲವ್ವ ಅಕಿನ್ನ ಒಳಗ ಕರಕೊಂಡಿದ್ದಳು. ಅವತ್ತಿಂದ ಇಬ್ಬರೂ ತಾಯಿಮಗಳಂಗ ಇದ್ದರು. ಮುದುಕಿ ಬಾಗಿಲ ಮ್ಯಾಲಿನ ಹಸಿ ಸುಣ್ಣ ನೋಡಿದಳು, ಬೆರಳಿಲೆ ಮುಟ್ಟಿದಳು. ಹೊಳಿಯಪ್ಪನ ಕಡೆ ತಿರುಗಿ ಖುಷಿಲೆ ಕೇಳಿದಳು:

"ಇದು ಮನಿ ಸಿಗೋ ಗುರುತೇನಪ್ಪಾ?"

ಅಕಿಗೆ ಏನಂತ ಹೇಳತಾರ? ಹೇಳಿದರೂ ಕೇಳಸಬೇಕಲ್ಲ...

ಕಳಕಪ್ಪ ಸಾಹೇಬರ ಕಾಲಿಗೆ ಬಿದ್ದಷ್ಟ ಮಾಡಿದ. ಸಾಹೇಬರು ಕೆಟ್ಟವರಲ್ಲ. "ನಾಳೆ ಮುಂಜಾನೆ ನಕಾಶಿ ಧಾರವಾಡಕ್ಕ ಹೊಂಡತೈತಿ," ಅಂದರು. "ಅಷ್ಟರಾಗ ಮನಿಯವರು ಯಾರರ ಕುಂತು ಈ ಮಗ್ಗ ನಡಿಸಿ ತೋರಸ್ರಿ. ಕಣ್ಣಾರೆ ಕಂಡರ ಗುರುತು ಬದಲ ಮಾಡತೀನಿ. ಕಾಣದ ನಾ ಹ್ಯಾಂಗ ಬರೀಲಿ?"

ಎಲ್ಲಾರೂ ಹೊಳಿಯಪ್ಪನ ಕಡೆ ನೋಡಿದರು. ಅರ್ಧಕ್ಕ ಬಿಟ್ಟು ಸತ್ತವರ ನೇಯ್ಗಿ ಹೊರಗಿನವರು ಮುಟ್ಟೂ ಹಂಗಿಲ್ಲ, ಮನಿಯವರ ಮುಗಿಸಿ ಮನಿಯವರ ಕೊಯ್ಯಬೇಕು. ಆ ಓಣಿಯ ಪದ್ಧತಿ ಅದು. ಕಲ್ಲವ್ವಗ ಮನಿಯವರು ಅಂತ ಉಳಿದಾವ ಇವನೊಬ್ಬನ.

"ನನಗ ನೇಯಾಕ ಬರಂಗಿಲ್ಲ," ಅಂದ ಹೊಳಿಯಪ್ಪ.

"ಹೋಗಾಕಷ್ಟ ಬರತೈತಿ," ಅಂದ ಕಳಕಪ್ಪ.

ಆ ರಾತ್ರಿ ಹೊಳಿಯಪ್ಪ ಅಳತಿಯವರು ಇಳಕೊಂಡಿದ್ದ ಚಾವಡಿಯಿಂದ ಎದ್ದ. ಬೆಳಗಾಗೂದರಾಗ ರೋಣ ಮುಟ್ಟಬೇಕಂತ ಹೊಂಟ. ಅಮಾಸಿ ಕತ್ತಲ. ಕಣ್ಣಿಗೆ ಕೈ ಕಾಣವಲ್ಲದು. ದಾರಿ ಆ ಕೆಂಪ ಬಾವಿ ಮುಂದನ ಹೋಗಬೇಕು. ಬಾವಿಯೊಳಗ ಕಲ್ಲಿನ ಸಂದಿಯಿಂದ ನೀರ ಹನಿ ಬೀಳತಿತ್ತು... ತಟಕ್... ತಟಕ್... ಅವ ಬಾವಿ ಕಟ್ಟಿ ದಾಟಿದ. ಹನಿ ಸಪ್ಪಳ ನಿಂತಿತು.

ಆಗ ಇನ್ನೊಂದು ಸಪ್ಪಳ ಕೇಳಿತು.

ಸರ್ರ್... ಟಕ್ ಟಕ್.

ಸರ್ರ್... ಟಕ್ ಟಕ್.

ಮಗ್ಗ. ಅಮಾಸಿ ರಾತ್ರಿ... ಮಗ್ಗ.

ಸರ್ರ್ ಅನ್ನೋದು ಲಾಳಿ ಓಡೋದು. ಟಕ್ ಟಕ್ ಅನ್ನೋದು ಎಳಿ ಒತ್ತೋ ಹಣಿಗಿ ಬಡಿಯೋದು. ಆ ಓಣಿಯಾಗ ಎಲ್ಲಾರೂ ಒಮ್ಮೆ ಬಡೀತಿದ್ದರು. ಎರಡ ಸಲ ಬಡಿದು ನಡುವ "ಹ್ಞ" ಅಂತ ಸಣ್ಣ ಉಸಿರು ಬಿಡಾಕಿ ಒಬ್ಬಾಕಿನ. ಉಸಿರೂ ಕೇಳಿತು. ಆದರ ಮೂರನೇ ಸಪ್ಪಳ ಇದ್ದಿಲ್ಲ. ತುಳಿಹಲಗಿ ಕಿರ್ರ್ ಅನ್ನಬೇಕು. ಅದು ಅನ್ನವಲ್ಲದು. ತುಳೀದ ಮಗ್ಗ ನಡೀತಿತ್ತು.

ಹೊಳಿಯಪ್ಪ ತಿರುಗಿ ಓಡಬೇಕಿತ್ತು. ಕಾಲು ಅವನ್ನ ಬಾಗಿಲ ತನಕ ಕರಕೊಂಡು ಹೋದವು. ಕಟ್ಟಿ ಮ್ಯಾಲೆ ಮುಮತಾಜಬಿ ಮುದುಡಿ ಮಲಗಿದ್ದಳು, ಒಂದು ಅಂಗೈ ನೆಲಕ್ಕ ಹಚ್ಚಿ. ಅವ ಬಾಗಿಲಕ್ಕ ಕಿವಿ ಹಚ್ಚಿದ. ಸಪ್ಪಳ ನಿಂತಿತು.

ಒಳಗಿಂದ ದನಿ. ಪಿಸುಮಾತು.

"ತಂಬಾಕ ಸಿಕ್ತೇನ್ರಿ?"

"ಇಲ್ಲ..." ಅಂದ. "ಕಲ್ಲವ್ವಾ... ಸಿಗಲಿಲ್ಲ."

"ಇರಲಿ ಬಿಡ್ರಿ."

ಅವ ಹಣಿ ಬಾಗಿಲಕ್ಕ ಒತ್ತಿ ನಿಂತಿದ್ದ. ಸುಣ್ಣ ಹಣಿಗೆ ಹತ್ತಿತು.

"ಮುದುಕಿನ್ನ ಎಲ್ಲಿಗೆ ಕಳಸ್ತೀರಿ?"

"ನನಗ ನೇಯಾಕ ಬರಂಗಿಲ್ಲ. ನಿನಗ ಗೊತ್ತೈತಿ."

"ನನಗ ಬರತೈತಿ. ಆದರ... ಕಾಲ ಇಲ್ರಿ ನನಗ. ತುಳಿಯಾಕ ಆಗವಲ್ಲದು. ಎಳಿ ಬಾಯೇ ಬಿಡವಲ್ಲವು." ಮತ್ತ ಆ ಉಸಿರು. "ನೀವ ಕಾಲಷ್ಟ ಇಡ್ರಿ. ಕೈ ನಾ ನೋಡಕೋತೀನಿ."

ಬಾಗಿಲ ದೂಡಿದ. ತೆರೀತು. ಒಳಗ ಯಾರೂ ಇದ್ದಿಲ್ಲ. ಕತ್ತಲದಾಗ ಕೈಯಾಡಿಸಿದ. ಬೆರಳಿಗೆ ಮಗ್ಗ ಹತ್ತಿತು. ಲಾಳಿ ಜಗ್ಗೋ ಹಗ್ಗ ಇನ್ನೂ ಸಣ್ಣಗ ಅಲಗಾಡತಿತ್ತು.

ಅವ ರೋಣಕ್ಕ ಹೋಗಲಿಲ್ಲ.

ಬೆಳಕ ಹರದಾಗ ಮುಮತಾಜಬಿ ಎದ್ದು ಒಳಗ ಬಂದಳು. ಅವನ್ನ ಕಂಡು ಬೆದರಲಿಲ್ಲ. ಕುಣಿಯೊಳಗ ಕೈ ಹಾಕಿ ನೂಲಿನ ಮುದ್ದಿ ಹೊರಗ ತಗದಳು. ನಿನ್ನೆ ಕಂಡಿಕೆಗೆ ಸುತ್ತಿಟ್ಟಿದ್ದ ನೂಲೆಲ್ಲಾ ಬಟ್ಟಿಯಾಗದ ಕೆಳಗ ಬಿದ್ದಿತ್ತು.

"ಪ್ರತಿ ಅಮಾಸಿಗೆ ಹಿಂಗ," ಅಂದಳು ಮುದುಕಿ. "ನನಗ ಕೇಳಸೂದಿಲ್ಲಪಾ. ನೆಲಾ ನಡುಗತೈತಿ, ಅಂಗೈಗೆ ಗೊತ್ತಾಗತೈತಿ. ಅಕಿ ರಾತ್ರಿ ಬಿಡಾಕಿ, ನಾ ಮತ್ತ ತಿಂಗಳ ತನಕ ಬಿಡಿಸಿ ಸುತ್ತಾಕಿ. ಸುತ್ತದ ಇಟ್ಟರ ಅಕಿ ಕೈಗೆ ಏನ ಸಿಗಬೇಕು?"

ಅಷ್ಟ ಅಂದು ಹೊಸದಾಗಿ ಸುತ್ತಿದ ಒಂದು ಕಂಡಿಕೆ ಲಾಳಿಗೆ ಹಾಕಿ ಅವನ ಮುಂದಿಟ್ಟಳು.

ಸಾಹೇಬರು ಬಂದರು. ಓಣಿ ಎಲ್ಲಾ ಬಾಗಿಲಾಗ ನಿಂತಿತು. ಹೊಳಿಯಪ್ಪ ಕಣ್ಣು ಮುಚ್ಚಿ ಕುಣಿಯೊಳಗ ಕಾಲು ಇಳಿಸಿದ. ಬ್ಯಾಸಗಿ ಮುಂಜಾನೆ. ಕುಣಿಯೊಳಗ ಮಾತ್ರ ಹೊಳಿ ನೀರಿನಷ್ಟು ತಣ್ಣಗ. ತುಳಿಹಲಗಿ ಹುಡುಕಿ ತುಳದ... ಕಿರ್ರ್. ಎಳಿ ಬಾಯಿ ಬಿಟ್ಟವು.

ಬಲಗೈ ತಾನ ಎದ್ದಿತು.

ಸರ್ರ್. ಟಕ್ ಟಕ್.

ಅವನ ಕೈ ಅವನ ಕಣ್ಣ ಮುಂದ ಓಡಾಡತಿದ್ದವು. ಒಂದು ಎಳಿ ಹರೀಲಿಲ್ಲ. ಒಂದು ಗೆರಿ ಸೊಟ್ಟ ಆಗಲಿಲ್ಲ. ಕಿರ್ರ್... ಸರ್ರ್... ಟಕ್ ಟಕ್. ನಡುವ ಅವನ ಬಾಯಿಂದನ "ಹ್ಞ" ಅಂತ ಸಣ್ಣ ಉಸಿರು ಹೊಂಟಿತು. ಕಳಕಪ್ಪ ಬಾಗಿಲ ಚೌಕಟ್ಟು ಗಟ್ಟಿ ಹಿಡಕೊಂಡ. ಹಿಂದ ನಿಂತ ಹೆಣ್ಣಮಕ್ಕಳೊಳಗ ಒಬ್ಬಾಕಿ ಸೆರಗು ಬಾಯಾಗ ತುರಕೊಂಡು ಅಳಾಕ ಹತ್ತಿದಳು. ಆ ಬಡಿತ ಓಣಿಗೆಲ್ಲಾ ಗೊತ್ತಿತ್ತು.

ಸಾಹೇಬರಿಗೆ ಏನೂ ಗೊತ್ತಾಗಲಿಲ್ಲ. ಅವರ ಕಣ್ಣಿಗೆ ಒಬ್ಬ ಮನಶಾ ನೇಯಾಕ ಹತ್ಯಾನ, ಅಷ್ಟ. "ಇಷ್ಟು ಚಲೋ ನೇಯಾವ ಸರಪಳಿ ಯಾಕ ಹಿಡೀತಿಯೋ?" ಅಂದರು. "ಕತ್ತರಿ ಅಳಸ್ರಿ. ಸೊನ್ನಿ ಹಾಕ್ರಿ. ಮನಿ ಯಾರ ಹೆಸರಿಗೆ ಬರಕೊಳ್ಳಲಿ?"

"ಮುಮತಾಜಬಿ ಹೆಸರಿಗೆ ಬರಕೊಳ್ರಿ," ಅಂದ ಹೊಳಿಯಪ್ಪ.

ಕಳಕಪ್ಪ ಗೋಣು ಹಾಕಿದ.

ಅವತ್ತಿಂದ ಹೊಳಿಯಪ್ಪ ಸರಪಳಿ ಬಿಟ್ಟ. ದಿನಾ ಮಗ್ಗಕ್ಕ ಕುಂತ. ಕಲ್ಲವ್ವನ ದನಿ ಮತ್ತೊಮ್ಮೆ ಕೇಳಲಿಲ್ಲ. ಕೈಗಷ್ಟ ಬರತಿದ್ದಳು. ಕುಂತು ಕಾಲು ಇಳಿಸಿದ ಕೂಡಲೇ ಮೊಣಕೈ ತನಕ ತಂಪು ಹತ್ತತಿತ್ತು, ಆಮ್ಯಾಲೆ ಲಾಳಿ ಏಳತಿತ್ತು. ಅವ ಮಾತಾಡತಿದ್ದ. ಹುಬ್ಬಳ್ಳಿ ಸುದ್ದಿ, ಹೊಳಿ ಸುದ್ದಿ, ನರಗುಂದದ ಕಲ್ಲಿನ ಸುದ್ದಿ. ಒಂದಾಗಿದ್ದಾಗ ಇಷ್ಟು ಮಾತು ಆಡಿದ್ದಿಲ್ಲ. ಹೊರಗ ಗುದ್ದಲಿ, ಹಾರಿ ಸಪ್ಪಳ ಸುರು ಆತು. ಓಣಿ ಬಾಯಿ ಕಡಿಂದ ಒಂದೊಂದ ಮನಿ ಬೀಳಾಕ ಹತ್ತಿತು. ಮಂದಿ ಚಕ್ಕಡಿ ತುಂಬಿಕೊಂಡು ಕಾಲನಿಗೆ ಹೊಂಟರು. ಅಲ್ಲಿ ನೆಲಕ್ಕ ಸಿಮೆಂಟು, ಕುಣಿ ಇಲ್ಲ. ನಿಂತ ಮಗ್ಗ ಕೊಡತಾರಂತ, ಇಂದಿಲ್ಲ ನಾಳೆ ಕರೆಂಟ ಬರತೈತಂತ.

ಸೀರಿ ಮುಗೀಲಿಕ್ಕೆ ಬಂತು. ಹೊಳಿಯಪ್ಪ ಸಾವಕಾಶ ತುಳಿಯಾಕ ಹತ್ತಿದ. ದಿನಕ್ಕ ಒಂದು ಗೇಣು. ಆಮ್ಯಾಲೆ ನಾಕ ಬೆರಳು. ಒಂದಿನ ಕುಂತ, ಕಾಲು ಇಳಿಸಿದ, ಕೈ ತಂಪಾತು... ತುಳೀಲಿಲ್ಲ. ಸುಮ್ನ ಹಂಗ ಕುಂತ. ಕೈ ಕಾದವು. ಭಾಳೊತ್ತು ಕಾದವು.

ಮುಮತಾಜಬಿ ಬಾಗಿಲಾಗ ನಿಂತು ನೋಡಿದಳು. ಅಕಿ ಸಾಮಾನು ಆಗಲೇ ಚಕ್ಕಡಿ ಏರಿತ್ತು.

"ಮುಗಸಪ್ಪಾ," ಅಂದಳು. "ಕೊಯ್ಯಿ. ಎಷ್ಟಂತ ದುಡಸ್ತಿ ಅಕಿನ್ನ? ದಣದಾಳ ಹುಡುಗಿ."

ಹೊಳಿಯಪ್ಪ ತುಳದ. ಕಡೇ ಗೆರಿ ಬಿತ್ತು. ಟಕ್ ಟಕ್. ಕುಡಗೋಲು ತಗೊಂಡು ಕೊಯ್ದ... ಚರ್ರ್ ಅಂತ ಎಳಿ ಎಲ್ಲಾ ಒಮ್ಮೆಲೇ ಸಡಲ ಬಿದ್ದವು. ಮೊಣಕೈಯಿಂದ ತಂಪು ಇಳಿದು ಬೆರಳ ತುದಿಗೆ ಬಂತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮ್ಯಾಲೆ ಇಲ್ಲ.

ಲಾಳಿ ಎತ್ತಾಕ ಹೋದ. ಬೆರಳಿಂದ ಜಾರಿ ಕುಣಿಯೊಳಗ ಬಿತ್ತು. ಅವನ ಕೈ ಮತ್ತ ಅವನವ ಆಗಿದ್ದವು. ಆ ಕುಣಿ ಅಂಚಿಗೆ ತಲಿ ಇಟ್ಟು ಹೊಳಿಯಪ್ಪ ಅತ್ತ. ಒಂಬತ್ತ ವರ್ಷದ್ದು ಅತ್ತ. ಮುದುಕಿಗೆ ಕೇಳಸಲಿಲ್ಲ. ಅಕಿ ಅಂಗೈ ನೆಲಕ್ಕ ಹಚ್ಚಿ ಅವನ ಬಾಜೂಕ ಕುಂತಿದ್ದಳು, ಚಕ್ಕಡಿಯವ ಕೂಗಿದರೂ ಏಳಲಿಲ್ಲ.

ಸೀರಿ ಮುದುಕಿಗೆ ಹೊಚ್ಚಿ, ಅಕಿ ಕೈ ಹಿಡಿದು ಚಕ್ಕಡಿ ಹತ್ತಿಸಿ ಕಳಿಸಿದ. ಕಾಲನಿಗೆ ತಾನೂ ಬರತೀನಿ ಅನ್ನಲಿಲ್ಲ, ಅಕಿನೂ ಕೇಳಲಿಲ್ಲ. ಆ ರಾತ್ರಿ ಖಾಲಿ ಮನಿಯೊಳಗ ಒಬ್ಬನ ಮಲಗಿದ. ಕೆಡವೋರು ಮುಂಜಾನೆ ಬರತಿದ್ದರು. ಬಡಿತ ಕೇಳತೈತೇನೋ ಅಂತ ಕಾದ. ಹೊರಗ ನಾಯಿ ಸಹಿತ ಬೊಗಳಲಿಲ್ಲ.

ಕೋಳಿ ಕೂಗೂ ಹೊತ್ತಿಗೆ ಎದ್ದು ಗಂಟು ಕಟ್ಟಾಕ ಹತ್ತಿದ. ಒಂದು ಧೋತರ, ಒಂದು ಅಂಗಿ, ತಂಬಿಗಿ. ಕಳಕಪ್ಪ ಕಾಲನಿಯಿಂದ ಕಂದೀಲು ಹಿಡಕೊಂಡು ಬಂದ, ಕಳಿಸಿಕೊಡಾಕ. ಇಬ್ಬರೂ ಹೊಸ್ತಿಲದಾಗ ನಿಂತರು.

"ಬರಿಗಾಲಲೆ ಹೋಗತಿ ಏನು?" ಅಂದ ಕಳಕಪ್ಪ.

ಹಿಂದಿನ ದಿನ ಮುದುಕಿ ಪೆಟಿಗಿ ಎತ್ತಿ ಚಕ್ಕಡಿಗೆ ಹಾಕೂವಾಗ ಹೊಳಿಯಪ್ಪನ ಎಡಗಾಲ ಚಪ್ಪಲಿ ಉಂಗುಟ ಪಟ್ಟನ ಕಿತ್ತಿತ್ತು. ಇನ್ನ ಇದು ಕೆಲಸಕ್ಕ ಬರಂಗಿಲ್ಲ ಅಂತ ಎರಡನ್ನೂ ಹೊಸ್ತಿಲ ಹೊರಗ ಒಗದಿದ್ದ. ಕಳಕಪ್ಪ ಕಂಡಾನ, ಚಕ್ಕಡಿಯವನೂ ಕಂಡಾನ.

ಕಂದೀಲು ಕೆಳಗ ಹಿಡದರು. ಎರಡೂ ಚಪ್ಪಲಿ ಜೋಡಿಸಿ ಇಟ್ಟಿದ್ದವು, ದಾರಿ ಕಡೆ ಮಾರಿ ಮಾಡಿ. ಕಿತ್ತ ಉಂಗುಟ ಬಿಳೇ ನೂಲಿಲೆ ಹೊಲದಿತ್ತು, ಸಣ್ಣ ಸಣ್ಣ ಹೊಲಿಗಿ. ಆ ಓಣಿಯಾಗ ಆ ರಾತ್ರಿ ಇನ್ನೊಂದು ಜೀವ ಇದ್ದಿಲ್ಲ. ಖರೇ ಹೇಳೂದು. ಕಳಕಪ್ಪ ಇನ್ನೂ ಕಾಲನಿಯೊಳಗ ಅದಾನ, ಹೋಗಿ ಕೇಳ್ರಿ.

ಹೊಳಿಯಪ್ಪ ಗಂಟು ಕೆಳಗಿಟ್ಟು ಬಗ್ಗಿದ. ಹೊಲಿಗಿ ಮ್ಯಾಲೆ ಹೆಬ್ಬೆರಳು ಒತ್ತಿ ನೋಡಿದ. ನೇಕಾರರು ನೂಲಿಗೆ ಗಂಜಿ ಹಚ್ಚತಾರಲ್ಲ...

ಗಂಜಿ ಇನ್ನೂ ಹಸಿ ಇತ್ತು.